ಕೇಳುವುದರ ಎರಡು ಅರ್ಥ: ಸಂಗೀತ ಪತ್ರಿಕೋದ್ಯಮದಿಂದ ಚಲನಚಿತ್ರಕ್ಕೆ

೧

ಪತ್ರಿಕೆಗಳಿಗೆ ಬರೆಯುತ್ತಿದ್ದವರು ಚಲನಚಿತ್ರ ನಿರ್ದೇಶನಕ್ಕೆ ತೊಡಗಿದ ನಿದರ್ಶನಗಳು ಅಪರೂಪವಲ್ಲ. ಫ್ರಾನ್ಸಿನಲ್ಲಿ ೧೯೫೦ರ ದಶಕದ ಕೊನೆಗೆ ತ್ರೂಫೋ, ಗೊದಾರ್ ಮೊದಲಾದವರು 'ಕಾಯೆ ದ್ಯು ಸಿನೆಮಾ' ಪತ್ರಿಕೆಯ ವಿಮರ್ಶಕರ ಬಳಗದಿಂದಲೇ ನಿರ್ದೇಶಕರಾಗಿ ಹೊರಬಂದರು. ಆದರೆ ಅವರು ಯಾವ ಕಲೆಯನ್ನು ಕುರಿತು ಬರೆಯುತ್ತಿದ್ದರೋ ಅದೇ ಕಲೆಯನ್ನು ಕೈಗೆತ್ತಿಕೊಂಡವರು. ಅವರ ಚಿತ್ರಗಳನ್ನು ಅವರ ವಿಮರ್ಶೆಯ ಮುಂದುವರಿಕೆಯೆಂದು ಓದುವುದು ಸುಲಭ. ಸಂಗೀತವನ್ನು ಕುರಿತು ಬರೆಯುತ್ತಿದ್ದವನು ಚಲನಚಿತ್ರಕ್ಕೆ ಬಂದಾಗ ಸಮಸ್ಯೆಯ ಸ್ವರೂಪ ಬೇರೆಯಾಗುತ್ತದೆ. ಆತ ತಾನು ಬರೆಯುತ್ತಿದ್ದ ಕಲೆಯನ್ನೂ ಬಿಟ್ಟಿರುತ್ತಾನೆ, ಬರೆಯುತ್ತಿದ್ದ ಮಾಧ್ಯಮವನ್ನೂ ಬಿಟ್ಟಿರುತ್ತಾನೆ. ಹಾಗಾದರೆ ಆತ ತನ್ನೊಡನೆ ತರುವುದೇನು?

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಆತ ತನ್ನ ಅಭಿರುಚಿಯನ್ನು ತರುತ್ತಾನೆ, ಆದ್ದರಿಂದ ಆತನ ಚಿತ್ರಗಳಲ್ಲಿ ಹಾಡುಗಳ ಆಯ್ಕೆ ಚೆನ್ನಾಗಿರುತ್ತದೆ ಎಂಬುದು ಒಂದು. ಆತ ತನ್ನ ಅನುಭವವನ್ನು ತರುತ್ತಾನೆ, ಆದ್ದರಿಂದ ಸಂಗೀತಗಾರರ ಬದುಕು ಆತನ ಕಥಾವಸ್ತುವಾಗುತ್ತದೆ ಎಂಬುದು ಇನ್ನೊಂದು. ಅಮೆರಿಕದ ನಿರ್ದೇಶಕ ಕ್ಯಾಮರಾನ್ ಕ್ರೋ ಅವರ ಬಗೆಗಿನ ಬರಹಗಳಲ್ಲಿ ಈ ಎರಡು ಮಾತುಗಳೂ ಮತ್ತೆ ಮತ್ತೆ ಬರುತ್ತವೆ. ಎರಡೂ ಸುಳ್ಳಲ್ಲ. ಆದರೆ ಒಂದೇ ಅಭಿರುಚಿ, ಒಂದೇ ಅನುಭವ ಇರುವ ಈ ನಿರ್ದೇಶಕರ ಕೆಲವು ಚಿತ್ರಗಳು ಗಟ್ಟಿಯಾಗಿಯೂ ಕೆಲವು ತೀರ ಜಾಳಾಗಿಯೂ ಇರುವುದೇಕೆ ಎಂಬುದನ್ನು ಈ ಉತ್ತರಗಳು ವಿವರಿಸಲಾರವು.

ಕನ್ನಡದಲ್ಲಿ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಹಾಡನ್ನು ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. ಕಿವಿಗೊಡುವುದು, ಉತ್ತರವನ್ನು ಅಪೇಕ್ಷಿಸುವುದು, ಈ ಎರಡು ಕ್ರಿಯೆಗಳೂ ಒಂದೇ ಮಾತಿನಲ್ಲಿ ಅಡಗಿವೆ. ಸಂಗೀತ ಪತ್ರಕರ್ತನ ವೃತ್ತಿ ನಿಂತಿರುವುದು ಈ ಎರಡು ಅರ್ಥಗಳ ನಡುವಿನ ಒಡಂಬಡಿಕೆಯ ಮೇಲೆ. ಕ್ರೋ ಅವರ ಚಿತ್ರಗಳಲ್ಲಿ ಎರಡೂ ಅರ್ಥಗಳು ಕೂಡಿ ಬಾಳುವಾಗ ಚಿತ್ರ ನಿಲ್ಲುತ್ತದೆ; ಮೊದಲನೆಯದು ಮಾತ್ರ ಉಳಿದು ಎರಡನೆಯದು ಜಾರಿಹೋದಾಗ ಚಿತ್ರ ಕುಸಿಯುತ್ತದೆ. ಇದು ಪ್ರಸ್ತುತ ಲೇಖನದ ವಾದ.

೨

ಮೊದಲು ಹಿನ್ನೆಲೆಯನ್ನು ಗಮನಿಸಬಹುದು. ೧೯೫೭ರಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿ ಬೆಳೆದ ಕ್ರೋ ಹದಿಹರೆಯದಲ್ಲಿಯೇ ಸ್ಥಳೀಯ ಪತ್ರಿಕೆಗಳಿಗೆ ಸಂಗೀತದ ಬಗ್ಗೆ ಬರೆಯತೊಡಗಿದರು. 'ಕ್ರೀಮ್' ಪತ್ರಿಕೆಯ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಅವರ ಪ್ರೋತ್ಸಾಹ ದೊರೆಯಿತು. ೧೯೬೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾಗಿದ್ದ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ಕ್ರೋ ಬರೆಯಲು ತೊಡಗಿದ್ದು ೧೯೭೩ರಲ್ಲಿ. ಅದೇ ವರ್ಷದ ಡಿಸೆಂಬರಿನ ಒಂದು ಸಂಚಿಕೆಗೆ ಅಲ್‌ಮನ್ ಬ್ರದರ್ಸ್ ವಾದ್ಯತಂಡವನ್ನು ಕುರಿತ ಮುಖಪುಟ ಲೇಖನ ಬರೆದಾಗ ಅವರಿಗೆ ಹದಿನಾರು ವರ್ಷ.

ಆ ಲೇಖನದ ಹಿಂದಿನ ಘಟನೆಯೊಂದನ್ನು ಕ್ರೋ ಅವರೇ ಅನೇಕ ಸಲ ಹೇಳಿದ್ದಾರೆ. ತಂಡದೊಡನೆ ಪ್ರವಾಸ ಮಾಡಿ, ದಿನಗಟ್ಟಲೆ ಮಾತುಕತೆಯನ್ನು ಟೇಪಿನಲ್ಲಿ ಮುದ್ರಿಸಿಕೊಂಡ ಮೇಲೆ, ಗಾಯಕ ಗ್ರೆಗ್ ಅಲ್‌ಮನ್ ಈ ಹುಡುಗನ ಬಗ್ಗೆ ಇದ್ದಕ್ಕಿದ್ದಂತೆ ಸಂಶಯಗೊಂಡು ಟೇಪುಗಳನ್ನೆಲ್ಲ ಕಿತ್ತುಕೊಂಡರು. ಆಮೇಲೆ ಅವುಗಳನ್ನು ಹಿಂದಿರುಗಿಸಿದರು. ಸಂಗೀತ ಪತ್ರಕರ್ತನ ಸ್ಥಿತಿ ಎಂಥದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಆತನನ್ನು ಒಳಗೆ ಬಿಟ್ಟುಕೊಂಡವರೇ ಹೊರಗೂ ಹಾಕಬಲ್ಲರು. ಆತ ಅತಿಥಿ, ಆದರೆ ಉಂಡ ಮನೆಯ ವಿಷಯವನ್ನು ಊರಿಗೆಲ್ಲ ಹೇಳುವ ಕರ್ತವ್ಯ ಹೊತ್ತ ಅತಿಥಿ. ಮನೆಯವರಿಗೂ ಋಣಿ, ಓದುಗರಿಗೂ ಋಣಿ. ಈ ಎರಡು ಋಣಗಳು ಒಟ್ಟಿಗೆ ತೀರುವಂಥವಲ್ಲ.

ಕ್ರೋ ಈ ಇಕ್ಕಟ್ಟನ್ನು ನಿಭಾಯಿಸಿದ್ದು ಸೌಜನ್ಯದಿಂದ. ತನ್ನ ಆರಂಭದ ದಾಖಲೆಗಳನ್ನು ಕಟುವಾಗಿ ವಿಮರ್ಶಿಸಿದ್ದ 'ರೋಲಿಂಗ್ ಸ್ಟೋನ್' ಬಗ್ಗೆ ಲೆಡ್ ಝೆಪೆಲಿನ್ ತಂಡಕ್ಕೆ ಬಹುಕಾಲ ಅಸಮಾಧಾನವಿತ್ತು; ೧೯೭೫ರಲ್ಲಿ ಆ ತಂಡವನ್ನು ಮಾತಿಗೆ ಒಪ್ಪಿಸಿ ಮುಖಪುಟ ಲೇಖನ ತಂದವರು ಕ್ರೋ. ೧೯೭೯ರಲ್ಲಿ ಜೋನಿ ಮಿಚೆಲ್ ಅವರ ದೀರ್ಘ ಸಂದರ್ಶನವನ್ನೂ ಮಾಡಿದರು. ಇತರರಿಗೆ ಮುಚ್ಚಿದ್ದ ಬಾಗಿಲುಗಳು ಅವರಿಗೆ ತೆರೆಯುತ್ತಿದ್ದವು. ಇದನ್ನು ಅವರ ಶಕ್ತಿಯೆಂದು ಹೊಗಳಿದವರಿರುವಂತೆ, ಅವರು ಕಲಾವಿದರಿಗೆ ತೀರ ಹತ್ತಿರದವರೆಂದು ಆಕ್ಷೇಪಿಸಿದವರೂ ಇದ್ದಾರೆ. ಈ ಎರಡು ಅಭಿಪ್ರಾಯಗಳ ನಡುವಿನ ತೀರ್ಮಾನ ಅವರ ಲೇಖನಗಳಲ್ಲಿ ಸಿಗುವುದಕ್ಕಿಂತ ಚಿತ್ರಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ.

೩

ಪತ್ರಿಕೆಯಿಂದ ಚಿತ್ರಕ್ಕೆ ನಡೆದ ದಾಟುವಿಕೆ ಒಂದೇ ಹೆಜ್ಜೆಯಲ್ಲಿ ಆದುದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ೧೯೭೭ರಲ್ಲಿ 'ರೋಲಿಂಗ್ ಸ್ಟೋನ್' ತನ್ನ ಕಚೇರಿಯನ್ನು ನ್ಯೂಯಾರ್ಕಿಗೆ ಸ್ಥಳಾಂತರಿಸಿತು; ಕ್ರೋ ಕ್ಯಾಲಿಫೋರ್ನಿಯಾದಲ್ಲಿಯೇ ಉಳಿದರು. ೧೯೭೯ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಸ್ಯಾನ್ ಡಿಯಾಗೊದ ಒಂದು ಪ್ರೌಢಶಾಲೆಗೆ ವಿದ್ಯಾರ್ಥಿಯ ಸೋಗಿನಲ್ಲಿ ಸೇರಿ, ಅಲ್ಲಿನ ಹುಡುಗ ಹುಡುಗಿಯರ ಬದುಕನ್ನು ನೋಡಿ ಬರೆದರು. ೧೯೮೧ರಲ್ಲಿ ಪ್ರಕಟವಾದ 'ಫಾಸ್ಟ್ ಟೈಮ್ಸ್ ಅಟ್ ರಿಜ್‌ಮಾಂಟ್ ಹೈ' ಎಂಬ ಆ ಪುಸ್ತಕವನ್ನು ಅವರೇ ಚಿತ್ರಕಥೆಯಾಗಿಸಿದರು. ೧೯೮೨ರಲ್ಲಿ ಏಮಿ ಹೆಕರ್ಲಿಂಗ್ ನಿರ್ದೇಶಿಸಿದರು.

ಇಲ್ಲಿ ಸಂಗೀತಗಾರರಿಲ್ಲ. ಆದರೆ ವಿಧಾನ ಹಳೆಯದೇ: ಒಂದು ಗುಂಪಿನೊಳಗೆ ಸೇರಿ, ಅವರ ಮಾತಿನ ಲಯಕ್ಕೆ ಕಿವಿಗೊಟ್ಟು, ಆಮೇಲೆ ಹೊರಬಂದು ಬರೆಯುವುದು. ಚಿತ್ರದ ಸಂಭಾಷಣೆ ಇಂದಿಗೂ ಹಳತಾಗದಿರುವುದಕ್ಕೆ ಕಾರಣ ಇದು. ಹದಿಹರೆಯದವರ ಬಗ್ಗೆ ಹಿರಿಯರು ಊಹಿಸಿ ಬರೆದ ಮಾತುಗಳು ಅಲ್ಲಿಲ್ಲ. ಅಂದರೆ ಕ್ರೋ ಚಿತ್ರರಂಗಕ್ಕೆ ತಂದ ಮೊದಲ ಬಂಡವಾಳ ಹಾಡಿನ ಅಭಿರುಚಿಯಲ್ಲ, ಸಂದರ್ಶಕನ ಕಿವಿ.

ಅವರು ಮೊದಲು ನಿರ್ದೇಶಿಸಿದ 'ಸೇ ಎನಿಥಿಂಗ್' (೧೯೮೯) ಚಿತ್ರದಲ್ಲಿ ಈ ಕಿವಿ ಹೇಗೆ ದೃಶ್ಯವಾಗುತ್ತದೆ ಎಂಬುದನ್ನು ನೋಡಬಹುದು. ಪ್ರೇಮದಲ್ಲಿ ತಿರಸ್ಕೃತನಾದ ಯುವಕ ಲಾಯ್ಡ್, ಹುಡುಗಿಯ ಮನೆಯ ಹೊರಗೆ ನಿಂತು, ದೊಡ್ಡ ಟೇಪ್ ರೆಕಾರ್ಡರನ್ನು ತಲೆಯ ಮೇಲಕ್ಕೆತ್ತಿ ಪೀಟರ್ ಗೇಬ್ರಿಯಲ್ ಅವರ ಹಾಡೊಂದನ್ನು ನುಡಿಸುತ್ತಾನೆ. ಈ ದೃಶ್ಯ ಬಹಳ ಪ್ರಸಿದ್ಧ. ಭಿತ್ತಿಚಿತ್ರಗಳಲ್ಲಿ, ಅಣಕಗಳಲ್ಲಿ ಸವೆದುಹೋಗುವಷ್ಟು ಪ್ರಸಿದ್ಧ. ಆದರೆ ಅದರ ಅರ್ಧಭಾಗವನ್ನು ಜನ ಮರೆತಿದ್ದಾರೆ. ಒಳಗೆ ಹುಡುಗಿ ಹಾಸಿಗೆಯಲ್ಲಿ ಮಲಗಿ ಆ ಹಾಡನ್ನು ಕೇಳುತ್ತಿದ್ದಾಳೆ. ಆಕೆ ಕಿಟಕಿಗೆ ಬರುವುದಿಲ್ಲ. ಉತ್ತರ ಕೊಡುವುದಿಲ್ಲ. ಹಾಡು ಇಲ್ಲಿ ಭಾವನೆಯ ಅಲಂಕಾರವಲ್ಲ, ಉತ್ತರ ಬಾರದ ಪ್ರಶ್ನೆ. ಅದೇ ಚಿತ್ರದಲ್ಲಿ ಹುಡುಗಿಯ ತಂದೆ ತಾನು ನಡೆಸುವ ವೃದ್ಧಾಶ್ರಮದವರ ಹಣವನ್ನು ಕದ್ದಿದ್ದಾನೆಂಬ ಸಂಗತಿ ತೆರಿಗೆ ಇಲಾಖೆಯ ತನಿಖೆಯಿಂದ ಹೊರಬೀಳುತ್ತದೆ. ಅಲ್ಲಿಯೂ ಕೇಳಬೇಕಾದ ಪ್ರಶ್ನೆಯನ್ನು ಮಗಳು ಕೇಳುತ್ತಾಳೆ. ಚಿತ್ರದ ಹೆಸರೇ 'ಏನನ್ನಾದರೂ ಹೇಳು' ಎಂದು. ಕಿವಿಗೊಡುವುದೂ ಪ್ರಶ್ನಿಸುವುದೂ ಈ ಚಿತ್ರದಲ್ಲಿ ಒಂದನ್ನೊಂದು ಬಿಟ್ಟುಹೋಗಿಲ್ಲ.

'ಸಿಂಗಲ್ಸ್' (೧೯೯೨) ಚಿತ್ರದಲ್ಲಿ ಕ್ರೋ ಮತ್ತೆ ಸಂಗೀತಗಾರರ ನಡುವೆ ಬರುತ್ತಾರೆ. ಸಿಯಾಟಲ್ ನಗರದ ಯುವಜನರ ಕಥೆಯಾದ ಇದರ ಚಿತ್ರೀಕರಣ ನಡೆದದ್ದು ೧೯೯೧ರಲ್ಲಿ, ಆ ನಗರದ ಸಂಗೀತ ಜಗತ್ತಿನ ಗಮನವನ್ನೆಲ್ಲ ಸೆಳೆಯುವುದಕ್ಕೆ ಮುಂಚೆ. ಅದರಲ್ಲಿ ಪರ್ಲ್ ಜಾಮ್ ತಂಡದ ಸದಸ್ಯರು ಒಂದು ಕಲ್ಪಿತ ವಾದ್ಯತಂಡದವರಾಗಿ ಕಾಣಿಸಿಕೊಳ್ಳುತ್ತಾರೆ. ಅವರು ತಮ್ಮ ದಾಖಲೆಯ ಬಗ್ಗೆ ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನು ಓದುವ ಒಂದು ಸಣ್ಣ ಪ್ರಸಂಗವಿದೆ. ನಾಯಕಗಾಯಕನಿಗೆ ಬೇಕಾದದ್ದು ಹೊಗಳಿಕೆಯ ಭಾಗ ಮಾತ್ರ. ವಿಮರ್ಶೆಯನ್ನು ಬರೆಯುತ್ತಿದ್ದವರು, ಅದು ಓದಿಸಿಕೊಳ್ಳುವ ಕೋಣೆಯಲ್ಲಿ ಕ್ಯಾಮೆರಾ ಇಟ್ಟ ಈ ಪ್ರಸಂಗದಲ್ಲಿ ಹಾಸ್ಯವಿದೆ, ಹಗೆತನವಿಲ್ಲ. ಆದರೆ ಇಲ್ಲಿಯೇ ಒಂದು ಅಪಾಯದ ಸೂಚನೆಯೂ ಇದೆ. ಬರೆದವನು ಈಗ ಓದಿಸಿಕೊಂಡವರ ಪಕ್ಕದಲ್ಲಿ ಕುಳಿತಿದ್ದಾನೆ.

೪

ಈ ಕುಳಿತುಕೊಳ್ಳುವಿಕೆಯನ್ನೇ ವಸ್ತುವಾಗಿಸಿಕೊಂಡ ಚಿತ್ರ 'ಆಲ್ಮೋಸ್ಟ್ ಫೇಮಸ್' (೨೦೦೦). ೧೯೭೩ರ ಕಾಲ, ಹದಿನೈದು ವರ್ಷದ ವಿಲಿಯಂ ಎಂಬ ಹುಡುಗ 'ಸ್ಟಿಲ್‌ವಾಟರ್' ಎಂಬ ಕಲ್ಪಿತ ತಂಡದೊಡನೆ ಪ್ರವಾಸ ಹೋಗಿ 'ರೋಲಿಂಗ್ ಸ್ಟೋನ್' ಪತ್ರಿಕೆಗೆ ಬರೆಯಬೇಕು. ಈ ಚಿತ್ರಕ್ಕೆ ಕ್ರೋ ಅವರಿಗೆ ಅತ್ಯುತ್ತಮ ಮೂಲ ಚಿತ್ರಕಥೆಯ ಆಸ್ಕರ್ ಪ್ರಶಸ್ತಿ ೨೦೦೧ರಲ್ಲಿ ದೊರೆಯಿತು. ಚಿತ್ರಮಂದಿರಗಳಲ್ಲಿ ಅದು ಹಾಕಿದ ಹಣವನ್ನು ಗಳಿಸಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದರ ಪ್ರತಿಷ್ಠೆ ಬೆಳೆಯುತ್ತ ಹೋಯಿತು.

ಚಿತ್ರದ ಆರಂಭದಲ್ಲಿ ಲೆಸ್ಟರ್ ಬ್ಯಾಂಗ್ಸ್ ಪಾತ್ರ ಹುಡುಗನಿಗೆ ಕೊಡುವ ಎಚ್ಚರಿಕೆ ಸರಳವಾದದ್ದು: ಸಂಗೀತಗಾರರ ಗೆಳೆತನ ಬೇಡ; ಪ್ರಾಮಾಣಿಕನಾಗಿರು, ಕರುಣೆ ತೋರಬೇಡ. ವಾಸ್ತವದ ಬ್ಯಾಂಗ್ಸ್ ೧೯೮೨ರಲ್ಲಿಯೇ ತೀರಿಕೊಂಡಿದ್ದರು. ಚಿತ್ರ ಈ ಎಚ್ಚರಿಕೆಯನ್ನು ಗೌರವದಿಂದ ದಾಖಲಿಸುತ್ತದೆ, ಆಮೇಲೆ ಎರಡು ಗಂಟೆಗಳ ಕಾಲ ಅದನ್ನು ಮೀರುವ ಸುಖವನ್ನು ತೋರಿಸುತ್ತದೆ.

ಇದರ ನಡುಬಿಂದು ಬಸ್ಸಿನ ದೃಶ್ಯ. ತಂಡದಲ್ಲಿ ಜಗಳವಾಗಿದೆ. ಗಿಟಾರ್ ವಾದಕ ರಸೆಲ್ ರಾತ್ರಿಯೆಲ್ಲ ಅಪರಿಚಿತರ ಮನೆಯಲ್ಲಿ ಕಳೆದು ಹಿಂದಿರುಗಿದ್ದಾನೆ. ಯಾರೂ ಮಾತನಾಡುತ್ತಿಲ್ಲ. ಎಲ್ಟನ್ ಜಾನ್ ಅವರ ಹಳೆಯ ಹಾಡೊಂದು ಕೇಳಿಬರುತ್ತದೆ. ಒಬ್ಬೊಬ್ಬರಾಗಿ ದನಿಗೂಡಿಸಿ ಕೊನೆಗೆ ಬಸ್ಸೇ ಹಾಡತೊಡಗುತ್ತದೆ. ಜಗಳ ತೀರಲಿಲ್ಲ, ಮುಂದೂಡಲ್ಪಟ್ಟಿತು. ಆಗ ವಿಲಿಯಂ ತಾನು ಮನೆಗೆ ಹೋಗಬೇಕು ಎನ್ನುತ್ತಾನೆ. ನೀನೀಗ ಮನೆಯಲ್ಲಿಯೇ ಇದ್ದೀಯೆ ಎಂಬ ಅರ್ಥದ ಉತ್ತರ ಪೆನಿ ಲೇನ್ ಎಂಬ ಹುಡುಗಿಯಿಂದ ಬರುತ್ತದೆ. ಪ್ರೇಕ್ಷಕರು ಇದನ್ನು ಆತ್ಮೀಯತೆಯ ದೃಶ್ಯವೆಂದು ಸ್ವೀಕರಿಸಿದ್ದಾರೆ. ಅದು ನಿಜವೂ ಹೌದು. ಆದರೆ ಸಾಕ್ಷಿಯೊಬ್ಬ ಕರಗಿಹೋಗುವ ದೃಶ್ಯವೂ ಅದೇ. ಆ ಮನೆ ಆತನದಾದರೆ, ಆ ಮನೆಯ ಬಗ್ಗೆ ಬರೆಯುವವರು ಯಾರು?

ಚಿತ್ರ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಿಲ್ಲ. ವಿಲಿಯಂ ತಾನು ಕಂಡದ್ದನ್ನೆಲ್ಲ ಬರೆಯುತ್ತಾನೆ. ಪತ್ರಿಕೆಯಲ್ಲಿ ಸಂಗತಿಗಳನ್ನು ತಾಳೆ ನೋಡುವವಳು ದೂರವಾಣಿಯಲ್ಲಿ ವಿಚಾರಿಸಿದಾಗ ರಸೆಲ್ ಎಲ್ಲವನ್ನೂ ಅಲ್ಲಗಳೆಯುತ್ತಾನೆ. ಲೇಖನ ಬಿದ್ದುಹೋಗುತ್ತದೆ. ಸಂಗೀತ ಪತ್ರಿಕೋದ್ಯಮವನ್ನು ಕುರಿತ ಅತ್ಯಂತ ನಿಷ್ಠುರವಾದ ಸತ್ಯ ಈ ಘಟ್ಟದಲ್ಲಿದೆ: ಪ್ರೀತಿ ಪರಸ್ಪರವಾಗಿತ್ತು, ಅಧಿಕಾರ ಒಬ್ಬರದೇ ಆಗಿತ್ತು. ಚಿತ್ರ ಇಲ್ಲಿಗೆ ಮುಗಿದಿದ್ದರೆ ಕಹಿಯಾಗಿ, ದೊಡ್ಡದಾಗಿ ಉಳಿಯುತ್ತಿತ್ತು. ಆದರೆ ರಸೆಲ್ ಮನಸ್ಸು ಬದಲಾಯಿಸುತ್ತಾನೆ. ಪತ್ರಿಕೆಗೆ ಕರೆಮಾಡಿ ಬರೆದದ್ದು ನಿಜವೆಂದು ಒಪ್ಪುತ್ತಾನೆ; ಹುಡುಗನ ಮನೆಗೇ ಬಂದು, ಇಡೀ ಚಿತ್ರದುದ್ದಕ್ಕೂ ಮುಂದೂಡುತ್ತ ಬಂದ ಸಂದರ್ಶನವನ್ನು ಕೊಡುತ್ತಾನೆ. ವಿಲಿಯಂ ಟೇಪ್ ರೆಕಾರ್ಡರ್ ಚಾಲೂ ಮಾಡಿ ಕೇಳುವ ಪ್ರಶ್ನೆ: ಸಂಗೀತದಲ್ಲಿ ನಿನಗೆ ಪ್ರಿಯವಾದದ್ದೇನು? ಅಷ್ಟೆಲ್ಲ ನಡೆದ ಮೇಲೂ ಆತನ ಪ್ರಶ್ನೆ ಅದೊಂದೇ.

ಎರಡು ಋಣಗಳು ಒಟ್ಟಿಗೆ ತೀರುವಂಥವಲ್ಲ ಎಂದು ಮೇಲೆ ಹೇಳಿದೆವು. ಪತ್ರಿಕೆಯ ಜಗತ್ತಿನಲ್ಲಿ ತೀರದ ಈ ಲೆಕ್ಕವನ್ನು ಚಿತ್ರದ ಜಗತ್ತಿನಲ್ಲಿ ಕ್ರೋ ತೀರಿಸಿದ್ದಾರೆ. ಆತಿಥ್ಯ ಕೊಟ್ಟವನೇ ಬಂದು ಸತ್ಯವನ್ನು ಒಪ್ಪಿಕೊಳ್ಳುತ್ತಾನೆ. ಪತ್ರಕರ್ತ ಗೆಳೆತನವನ್ನೂ ಉಳಿಸಿಕೊಂಡ, ಲೇಖನವನ್ನೂ ಉಳಿಸಿಕೊಂಡ. ಚಿತ್ರಮಾಧ್ಯಮಕ್ಕೆ ದಾಟಿದ್ದರ ಆಳವಾದ ಪ್ರೇರಣೆ ಇಲ್ಲಿದೆಯೆಂದು ನಮಗೆ ತೋರುತ್ತದೆ. ಟೇಪನ್ನು ಕಿತ್ತುಕೊಳ್ಳಬಲ್ಲ ಎದುರಾಳಿ ಚಿತ್ರದಲ್ಲಿ ಇರುವುದಿಲ್ಲ. ಅಲ್ಲಿ ಪಾತ್ರಗಳೆಲ್ಲ ಬರೆದವನ ಮನೆಯ ಅತಿಥಿಗಳು.

ಇದರ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ನೋಡಬೇಕು. ತಂಡದವರು ಇಸ್ಪೀಟಾಟದಲ್ಲಿ ಪೆನಿ ಲೇನ್ ಮತ್ತು ಆಕೆಯ ಗೆಳತಿಯರನ್ನು ಐವತ್ತು ಡಾಲರು ಹಾಗೂ ಒಂದು ಪೆಟ್ಟಿಗೆ ಬಿಯರಿಗೆ ಇನ್ನೊಂದು ತಂಡಕ್ಕೆ ಬಿಟ್ಟುಕೊಡುತ್ತಾರೆ. ವಿಲಿಯಂ ಆಕೆಗೆ ಇದನ್ನು ಹೇಳುವ ಕ್ಷಣದಲ್ಲಿ ಚಿತ್ರ ತನ್ನ ಎಲ್ಲ ಮಾಧುರ್ಯವನ್ನೂ ಕಳಚಿ ನಿಲ್ಲುತ್ತದೆ. ಆಕೆ ಮಾತ್ರೆಗಳನ್ನು ನುಂಗಿ ಸಾವಿನ ಅಂಚಿಗೆ ಹೋಗುತ್ತಾಳೆ. ಆದರೆ ಆತನ ಲೇಖನದಲ್ಲಿ ಇದು ಬಂದಿತೇ? ಲೇಖನದ ಆರಂಭದ ಹೊರತು ಹೆಚ್ಚಿನದನ್ನು ಚಿತ್ರ ನಮಗೆ ಕೇಳಿಸುವುದಿಲ್ಲ. ಆ ಕಾಲದ ರಾಕ್ ತಂಡಗಳ ಸುತ್ತ ಇದ್ದ ಹುಡುಗಿಯರಲ್ಲಿ ಅನೇಕರು ಇನ್ನೂ ಅಪ್ರಾಪ್ತ ವಯಸ್ಸಿನವರು ಎಂಬುದು ಅಂದಿನ ಪತ್ರಕರ್ತರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಚಿತ್ರ ಪೆನಿಯ ನೋವಿಗೆ ಕಿವಿಗೊಡುತ್ತದೆ. ಆ ನೋವಿಗೆ ಕಾರಣರಾದವರನ್ನು ಕೊನೆಯವರೆಗೂ ಕೇಳುವುದಿಲ್ಲ. ಹಾಗೆ ನೇರವಾಗಿ ಕೇಳುವ ಒಂದೇ ಪಾತ್ರವೆಂದರೆ ವಿಲಿಯಂನ ತಾಯಿ. ದೂರವಾಣಿಯಲ್ಲಿ ಆಕೆ ರಸೆಲ್‌ನನ್ನು ತರಾಟೆಗೆ ತೆಗೆದುಕೊಂಡಾಗ ಆ ಪ್ರಖ್ಯಾತ ವಾದಕ ಶಾಲಾಬಾಲಕನಂತೆ ನಡುಗಿಹೋಗುತ್ತಾನೆ. ಈ ಚಿತ್ರದ ನಿಜವಾದ ಪತ್ರಕರ್ತೆ ಆಕೆಯೇ ಎಂದರೆ ಅತಿಶಯೋಕ್ತಿಯಾಗದು.

೫

ಈ ಕ್ರಮದಲ್ಲಿ ಓದಿದಾಗ ಕ್ರೋ ಅವರ ಮುಂದಿನ ಚಿತ್ರಗಳ ಏರಿಳಿತ ಅರ್ಥವಾಗುತ್ತದೆ. ಅದಕ್ಕೂ ಮುಂಚಿನ 'ಜೆರ್ರಿ ಮ್ಯಾಗ್ವಾಯರ್' (೧೯೯೬) ಚಿತ್ರದಲ್ಲಿ ಹಾಡು ಇನ್ನೂ ಪಾತ್ರದ ಅಂಗವಾಗಿತ್ತು. ಗೆಲುವಿನ ಅಮಲಿನಲ್ಲಿ ಕಾರು ಓಡಿಸುತ್ತಿರುವ ನಾಯಕ ತಾನು ದನಿಗೂಡಿಸಬಲ್ಲ ಹಾಡಿಗಾಗಿ ರೇಡಿಯೋ ಕೇಂದ್ರಗಳನ್ನು ತಿರುಗಿಸುತ್ತ ಹೋಗುತ್ತಾನೆ. ಸಿಕ್ಕಿದಾಗ ಅಪಸ್ವರದಲ್ಲಿ ಕಿರಿಚುತ್ತಾನೆ. ಆತನ ಸಂತೋಷದ ಟೊಳ್ಳುತನ ಆ ತಿರುಗಿಸುವಿಕೆಯಲ್ಲಿಯೇ ಇದೆ. ಸಂಗೀತವನ್ನು ಬಲ್ಲ ನಿರ್ದೇಶಕ ಮಾತ್ರ ಹಾಡಿನ ಗುಣದ ಬದಲು ಕೇಳುಗನ ಅವಸರವನ್ನು ತೋರಿಸಬಲ್ಲ.

'ಎಲಿಜಬೆತ್‌ಟೌನ್' (೨೦೦೫) ಚಿತ್ರಕ್ಕೆ ಬಂದಾಗ ಈ ಸಂಬಂಧ ತಲೆಕೆಳಗಾಗುತ್ತದೆ. ತಂದೆಯ ಚಿತಾಭಸ್ಮವನ್ನು ಹೊತ್ತು ಹೊರಟ ಯುವಕನಿಗೆ ಗೆಳತಿಯೊಬ್ಬಳು ಪ್ರಯಾಣದ ನಕಾಶೆಯನ್ನೂ, ಎಲ್ಲಿ ಯಾವ ಹಾಡು ಕೇಳಬೇಕೆಂದು ನಿಗದಿಪಡಿಸಿದ ಧ್ವನಿಮುದ್ರಿಕೆಗಳನ್ನೂ ಕೊಡುತ್ತಾಳೆ. ಕಲ್ಪನೆ ಸೊಗಸಾಗಿದೆ. ಆದರೆ ಆಮೇಲಿನ ದೀರ್ಘ ಪ್ರಯಾಣದಲ್ಲಿ ಹಾಡು ಬದಲಾದಂತೆ ಭಾವ ಬದಲಾಗುತ್ತದೆ. ಯುವಕ ತನ್ನ ತಂದೆಯ ಬಗ್ಗೆ ಯಾರನ್ನೂ ಏನನ್ನೂ ಗಟ್ಟಿಯಾಗಿ ಕೇಳುವುದಿಲ್ಲ. ದುಃಖ ಪಾತ್ರದಿಂದ ಹುಟ್ಟದೆ ಹಾಡಿನಿಂದ ಎರವಲಾಗಿ ಬರುತ್ತದೆ. ಇದು ದೃಶ್ಯರೂಪಕ್ಕೆ ಬಂದ ದಾಖಲೆ ವಿಮರ್ಶೆಯೇ ಹೊರತು ಸಂದರ್ಶನವಲ್ಲ.

ಹವಾಯಿ ದ್ವೀಪಗಳಲ್ಲಿ ನಡೆಯುವ 'ಅಲೋಹ' (೨೦೧೫) ಇನ್ನೂ ಗಂಭೀರವಾದ ಉದಾಹರಣೆ. ಹವಾಯಿ ಮತ್ತು ಚೀನೀ ಮೂಲದ ರಕ್ತವುಳ್ಳ ಪಾತ್ರವೊಂದಕ್ಕೆ ಎಮ್ಮಾ ಸ್ಟೋನ್ ಅವರನ್ನು ಆರಿಸಿದ್ದು ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಕ್ರೋ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ಚಿತ್ರದಲ್ಲಿ ಹವಾಯಿಯ ಸ್ವಾಯತ್ತತೆಗಾಗಿ ಹೋರಾಡುವ ನಾಯಕ ಡೆನಿಸ್ ಕನಾಹೆಲೆ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡಿದ್ದಾರೆ. ಅಂದರೆ ಕೇಳಬಹುದಾದವರು ಎದುರಿಗೇ ಇದ್ದರು. ಹದಿನಾರರ ಹರೆಯದ ಪತ್ರಕರ್ತನಾಗಿದ್ದರೆ ಆ ಸಂದರ್ಶನವೇ ಚಿತ್ರದ ಕೇಂದ್ರವಾಗುತ್ತಿತ್ತು. ನಿರ್ದೇಶಕನಿಗೆ ಅದು ಹಿನ್ನೆಲೆಯ ಬಣ್ಣವಾಯಿತು.

ಇದಕ್ಕೆ ವ್ಯತಿರಿಕ್ತವಾಗಿ ನಿಲ್ಲುವುದು ಚಿತ್ರವಲ್ಲ, ಒಂದು ಪುಸ್ತಕ: ಹಿರಿಯ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರೊಡನೆ ಕ್ರೋ ನಡೆಸಿದ ಮಾತುಕತೆಗಳ ಸಂಪುಟ (೧೯೯೯). ವೈಲ್ಡರ್ ಅವರೂ ಇದೇ ದಾರಿಯಲ್ಲಿ ಬಂದವರು ಎಂಬುದು ಕುತೂಹಲಕರ. ೧೯೨೬ರಲ್ಲಿ ವಿಯೆನ್ನಾದಲ್ಲಿ ವರದಿಗಾರರಾಗಿದ್ದ ಅವರು ಅಮೆರಿಕದ ಜಾಝ್ ವಾದ್ಯವೃಂದದ ನಾಯಕ ಪಾಲ್ ವೈಟ್‌ಮನ್ ಅವರನ್ನು ಸಂದರ್ಶಿಸಿ, ಅವರ ತಂಡದೊಡನೆಯೇ ಬರ್ಲಿನ್ನಿಗೆ ಹೋದರು, ಚಿತ್ರಕಥೆಗಾರರಾದದ್ದು ಅಲ್ಲಿಯೇ. 'ಜೆರ್ರಿ ಮ್ಯಾಗ್ವಾಯರ್' ಚಿತ್ರದಲ್ಲಿ ಒಂದು ಸಣ್ಣ ಪಾತ್ರ ವಹಿಸಬೇಕೆಂದು ಕ್ರೋ ಕೇಳಿಕೊಂಡಾಗ ವೈಲ್ಡರ್ ನಿರಾಕರಿಸಿದ್ದರು. ತೊಂಬತ್ತು ದಾಟಿದ ಈ ಹಿರಿಯರು ಸುಲಭವಾಗಿ ಸಿಕ್ಕುವವರಲ್ಲ. ಮಾತನ್ನು ಚಟಾಕಿಯಲ್ಲಿ ತೇಲಿಸಿಬಿಡುವವರು. ಕ್ರೋ ಮತ್ತೆ ಕೇಳುತ್ತಾರೆ, ಬೇರೆ ಕಡೆಯಿಂದ ಕೇಳುತ್ತಾರೆ, ಸುಮ್ಮನಿದ್ದು ಕೇಳುತ್ತಾರೆ. ಎದುರಾಳಿ ಮರಳಿ ಬಂದೊಡನೆ ಕ್ರೋ ಅವರ ಒಳಗಿನ ಪತ್ರಕರ್ತನೂ ಮರಳಿ ಬಂದಿದ್ದಾನೆ.

ತೌಲನಿಕವಾಗಿ ಜರ್ಮನಿಯ ವಿಮ್ ವೆಂಡರ್ಸ್ ಅವರನ್ನು ನೆನೆಯಬಹುದು. ಅವರೂ ಯೌವನದಲ್ಲಿ ಚಿತ್ರಗಳ ಜೊತೆಗೆ ರಾಕ್ ಸಂಗೀತವನ್ನು ಕುರಿತು ಪತ್ರಿಕೆಗಳಿಗೆ ಬರೆದವರು. ೧೯೬೯ರಲ್ಲಿ ಲೇಖಕ ಪೀಟರ್ ಹಾಂಡ್ಕೆ ಅವರೊಡನೆ ಮೂರು ಅಮೆರಿಕನ್ ಧ್ವನಿಮುದ್ರಿಕೆಗಳ ಬಗ್ಗೆಯೇ ಕಿರುಚಿತ್ರ ಮಾಡಿದರು. ವೆಂಡರ್ಸ್ ಚಿತ್ರಗಳಲ್ಲಿ ಸಂಗೀತ ದೂರದಿಂದ ಬರುತ್ತದೆ, ಪರದೇಶದ ದನಿಯಾಗಿ ಬರುತ್ತದೆ. ಕೇಳುವವನು ತಾನು ಹೊರಗಿನವನೆಂಬುದನ್ನು ಮರೆಯುವುದಿಲ್ಲ. ಕ್ರೋ ಅವರಿಗೆ ಆ ದೂರ ಹುಟ್ಟಿನಿಂದ ಬಂದುದಲ್ಲ. ಪತ್ರಿಕಾವೃತ್ತಿ ಅದನ್ನು ಅವರಿಗೆ ಒದಗಿಸಿತ್ತು. ವೃತ್ತಿಯನ್ನು ಬಿಟ್ಟಾಗ ಆ ದೂರವನ್ನು ಅವರು ಪ್ರತಿ ಚಿತ್ರದಲ್ಲಿಯೂ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

೬

ಈ ಚರ್ಚೆ ಕನ್ನಡ ಸಂಶೋಧಕರಿಗೆ, ಅದರಲ್ಲೂ ಹೊರನಾಡಿನಲ್ಲಿ ಕೆಲಸ ಮಾಡುವವರಿಗೆ, ಪರಕೀಯವಾದುದಲ್ಲ. ಕನ್ನಡದಲ್ಲಿ ಇದರ ತಿರುಗುಮುರುಗು ಪಯಣದ ಒಂದು ಮಹತ್ವದ ನಿದರ್ಶನವಿದೆ. ಪಿ. ಲಂಕೇಶ್ ಅವರು 'ಪಲ್ಲವಿ' (೧೯೭೬) ಚಿತ್ರಕ್ಕೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದು, ಇನ್ನೂ ಕೆಲವು ಚಿತ್ರಗಳನ್ನು ಮಾಡಿ, ೧೯೮೦ರಲ್ಲಿ 'ಲಂಕೇಶ್ ಪತ್ರಿಕೆ'ಯನ್ನು ಆರಂಭಿಸಿದರು. ಚಿತ್ರದಿಂದ ಪತ್ರಿಕೆಗೆ ಬಂದರು. ಅವರ ಬರವಣಿಗೆಯ ವಿಷಯ ಸಂಗೀತವಲ್ಲ, ಸನ್ನಿವೇಶವೂ ಬೇರೆ. ಆದರೆ ದಿಕ್ಕಿನ ವ್ಯತ್ಯಾಸ ಗಮನಾರ್ಹ. ವಾರಪತ್ರಿಕೆಯಲ್ಲಿ ಬರೆದದ್ದಕ್ಕೆ ಮುಂದಿನ ವಾರವೇ ಉತ್ತರ ಬರುತ್ತದೆ, ಸಿಟ್ಟು ಬರುತ್ತದೆ, ಮೊಕದ್ದಮೆಯೂ ಬರಬಹುದು. ಮರುಮಾತಿಲ್ಲದ ಮಾಧ್ಯಮದಿಂದ ಮರುಮಾತಿನ ಮಾಧ್ಯಮಕ್ಕೆ ಒಬ್ಬರು ಬಂದರು. ಮರುಮಾತಿನ ಮಾಧ್ಯಮದಿಂದ ಅದಿಲ್ಲದ ಮಾಧ್ಯಮಕ್ಕೆ ಇನ್ನೊಬ್ಬರು ಹೋದರು.

ಇನ್ನು ನಮ್ಮ ಸಂಗೀತ ಬರವಣಿಗೆಯ ವಿಷಯ. ಉತ್ತರ ಕರ್ನಾಟಕದಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕರನ್ನು ಕುರಿತ ಕನ್ನಡ ಬರಹಗಳಲ್ಲಿ ಬಹುಪಾಲು ಸ್ಮರಣೆಯ, ಗುಣಗಾನದ ನೆಲೆಯವು. ಮಲ್ಲಿಕಾರ್ಜುನ ಮನ್ಸೂರರ 'ನನ್ನ ರಸಯಾತ್ರೆ'ಯಂಥ ಆತ್ಮಕಥನ ಕಲಾವಿದ ತಾನೇ ಹೇಳಿಕೊಂಡದ್ದು. ಅದರ ಮಹತ್ವ ಬೇರೆ. ಆದರೆ ಇನ್ನೊಬ್ಬರು ಎದುರು ಕುಳಿತು, ಗೌರವವನ್ನು ಬಿಡದೆ, ಕೇಳಬೇಕಾದದ್ದನ್ನು ಕೇಳಿ ದಾಖಲಿಸಿದ ಪಠ್ಯಗಳು ವಿರಳ. ಗದಗ ಸೀಮೆಯಿಂದ ಹೊರಟು ಪುಣೆಯಲ್ಲಿ ಬಾಳಿ ೨೦೧೧ರಲ್ಲಿ ಅಲ್ಲಿಯೇ ತೀರಿಕೊಂಡ ಭೀಮಸೇನ ಜೋಶಿಯವರಂತೆ, ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡ ಮೂಲದ ಕಲಾವಿದರ ಶಿಷ್ಯರು, ಸಾಥಿಗಾರರು, ಮನೆಯವರು ಇಂದಿಗೂ ಮಾತಿಗೆ ಸಿಗುತ್ತಾರೆ. ಅವರ ಮನೆಯ ಬಾಗಿಲನ್ನು ತಟ್ಟುವ ಸಂಶೋಧಕ ಹೆಚ್ಚಾಗಿ ಅಭಿಮಾನಿಯಾಗಿಯೇ ಹೋಗುತ್ತಾನೆ. ಚಹಾ ಕುಡಿದು, ಧ್ವನಿಮುದ್ರಣ ಕೇಳಿ, ಪುನೀತನಾಗಿ ಹಿಂದಿರುಗುತ್ತಾನೆ. ಮನೆಯ ಹೆಂಗಸರು ಹಾಡನ್ನು ಬಿಟ್ಟದ್ದೇಕೆ, ಶಿಷ್ಯರಲ್ಲಿ ಯಾರಿಗೆ ವಿದ್ಯೆ ದೊರೆಯಲಿಲ್ಲ, ಯಾವ ಜಾತಿಯವರು ಯಾವ ಕೋಣೆಯವರೆಗೆ ಬರಬಹುದಿತ್ತು ಎಂಬ ಪ್ರಶ್ನೆಗಳು ಹೊಸ್ತಿಲಲ್ಲಿಯೇ ಉಳಿಯುತ್ತವೆ. ಕ್ರೋ ಅವರ ಚಿತ್ರಗಳ ಏರಿಳಿತ ನಮಗೆ ಉಪಯುಕ್ತವಾಗುವುದು ಈ ಹೊಸ್ತಿಲಿನಲ್ಲಿ.

೭

'ಆಲ್ಮೋಸ್ಟ್ ಫೇಮಸ್' ಚಿತ್ರದಲ್ಲಿ ಸೇರದೆ ಉಳಿದ ಒಂದು ದೃಶ್ಯವಿದೆ. ವಿಲಿಯಂ ತನ್ನ ತಾಯಿಗೆ ಲೆಡ್ ಝೆಪೆಲಿನ್ ಅವರ ಎಂಟು ನಿಮಿಷದ ಪ್ರಸಿದ್ಧ ಹಾಡೊಂದನ್ನು ಪೂರ್ತಿಯಾಗಿ ಕೇಳಿಸಿ, ಪ್ರವಾಸಕ್ಕೆ ಅನುಮತಿ ಪಡೆಯಲು ಯತ್ನಿಸುವ ದೃಶ್ಯ. ಆ ತಂಡ ಬೇರೆ ಹಾಡುಗಳ ಬಳಕೆಗೆ ಒಪ್ಪಿತಾದರೂ ಈ ಹಾಡಿಗೆ ಒಪ್ಪಲಿಲ್ಲ. ಮನೆಯಲ್ಲಿ ನೋಡುವ ಮುದ್ರಿಕೆಯಲ್ಲಿ ಕ್ರೋ ಆ ದೃಶ್ಯವನ್ನು ಹಾಡಿಲ್ಲದೆ ಸೇರಿಸಿ, ನೋಡುವವರು ಸರಿಯಾದ ಗಳಿಗೆಗೆ ತಮ್ಮ ಬಳಿಯ ಧ್ವನಿಮುದ್ರಿಕೆಯನ್ನು ತಾವೇ ಹಚ್ಚಿಕೊಳ್ಳಬೇಕೆಂದು ಸೂಚಿಸಿದರು. ಪರದೆಯ ಮೇಲೆ ಕೇಳುತ್ತಿರುವ ಮುಖಗಳು ಮಾತ್ರ. ಹಾಡು ಮುಗಿಯುವುದನ್ನು ಹುಡುಗ ಕಾಯುತ್ತಿದ್ದಾನೆ. ತಾಯಿ ಏನು ಹೇಳುವಳೋ ತಿಳಿಯದು. ಕಿವಿಗೊಡುವುದು, ಉತ್ತರಕ್ಕಾಗಿ ಕಾಯುವುದು ಎರಡೂ ಒಂದೇ ಚೌಕಟ್ಟಿನಲ್ಲಿವೆ.

ಕ್ರೋ ೨೦೨೫ರಲ್ಲಿ 'ದಿ ಅನ್‌ಕೂಲ್' ಎಂಬ ಆತ್ಮಕಥನವನ್ನು ಪ್ರಕಟಿಸಿ, ಅರ್ಧ ಶತಮಾನದ ಹಿಂದಿನ ಆ ಪತ್ರಿಕಾ ದಿನಗಳಿಗೆ ಗದ್ಯದಲ್ಲಿ ಮರಳಿದ್ದಾರೆ. ಅವರ ಪಯಣವನ್ನು ಪತ್ರಿಕೆಯನ್ನು ಬಿಟ್ಟು ಚಿತ್ರವನ್ನು ಹಿಡಿದದ್ದೆಂದು ವಿವರಿಸುವುದು ಸಾಲದು. ಪತ್ರಿಕೆ ಅವರಿಗೆ ಕಲಿಸಿದ ಎರಡು ಕೆಲಸಗಳಲ್ಲಿ 'ಸೇ ಎನಿಥಿಂಗ್' ಎರಡನ್ನೂ ಉಳಿಸಿಕೊಂಡಿತು, 'ಆಲ್ಮೋಸ್ಟ್ ಫೇಮಸ್' ಒಂದನ್ನು ಅರ್ಧಕ್ಕೆ ಬಿಟ್ಟಿತು, 'ಎಲಿಜಬೆತ್‌ಟೌನ್' ಅದನ್ನು ಪೂರ್ತಿಯಾಗಿ ಮರೆಯಿತು. ಸಂಗೀತವನ್ನು ಪ್ರೀತಿಸುವವರಿಗೆ ಹಾಡು ಕೇಳುವುದನ್ನು ಯಾರೂ ಕಲಿಸಬೇಕಿಲ್ಲ. ಹಾಡು ಮುಗಿದ ಮೇಲೆ, ಹಾಡಿದವರ ಎದುರಿನಲ್ಲಿಯೇ, ಅವರು ಕೊಟ್ಟ ಆಸನದಲ್ಲಿ ಕುಳಿತು ಕೇಳುವುದು ಮಾತ್ರ ಪ್ರತಿಯೊಬ್ಬರೂ ಪ್ರತಿ ಸಲವೂ ಕಲಿಯಬೇಕಾದ ವಿದ್ಯೆ.